ರಿಂಗ್ ಹಾಕಿದ ಮರಕುಟಿಗಗಳ ಸರಹದ್ದು ಗುರುತಿಸುವುದು ಹೇಗೆ? (ಸ್ಯಾಂಡ್‌ಹಿಲ್ಸ್, ನಾರ್ತ್ ಕ್ಯಾರೊಲೈನಾ)

ಕೇರಿಯವ
ರಾಲಿ, ಕೇರಿ ಊರುಗಳ ಸುತ್ತಮುತ್ತಲಿನ ಕೆಲವು ಕನ್ನಡದವರು ಈ ವಸಂತದಲ್ಲಿ ಸ್ಯಾಂಡ್‌ಹಿಲ್ಸ್ ಪೈನ್ ಕಾಡಿನಲ್ಲಿ ಸ್ವಯಂಸೇವಕರಾಗಿ ಸೇರಲಿದ್ದೇವೆ. ರೆಡ್-ಕಾಕೇಡೆಡ್ ಮರಕುಟಿಗಗಳ ಕಾಲಿನ ಬಣ್ಣದ ರಿಂಗ್ ಓದುವುದು, ಯಾವ ಗುಂಪು ಎಲ್ಲಿಯವರೆಗೆ ಓಡಾಡುತ್ತದೆ ಎಂದು ದಾಖಲಿಸುವುದು ಕೆಲಸ. ಬೈನಾಕ್ಯುಲರ್ ಸಾಕೇ? ಒಂದೇ ಹಕ್ಕಿ ಎರಡು ಕಡೆ ಕಂಡರೆ ಎರಡೂ ಅದರ ಜಾಗವೇ? ಎಷ್ಟು ದಿನ ನೋಡಿದ ಮೇಲೆ ನಕ್ಷೆಯಲ್ಲಿ ಗೆರೆ ಎಳೆಯಬಹುದು? ಬಲ್ಲವರು ವಿವರವಾಗಿ ಬರೆದರೆ ಉಪಕಾರ.

ಪೊಟರೆ_ಪಹರೆ
ಗೆರೆಯ ಮಾತು ಆಮೇಲೆ. ಮೊದಲು ಮರ ಓದಲು ಕಲಿಯಿರಿ, ನಂತರ ಕಾಲು.

ಬೇರೆ ಮರಕುಟಿಗಗಳು ಹೆಚ್ಚಾಗಿ ಒಣಗಿದ ಇಲ್ಲವೇ ಕೊಳೆತ ಕಟ್ಟಿಗೆ ಹುಡುಕುತ್ತವೆ. ಇದು ಜೀವಂತ ಪೈನ್ ಮರವನ್ನೇ ಕೊರೆಯುತ್ತದೆ. ಮೆಚ್ಚಿನ ಮರ ಲಾಂಗ್‌ಲೀಫ್ ಪೈನ್, ಅದೂ ಸಾಮಾನ್ಯವಾಗಿ 80–100 ವರ್ಷ ದಾಟಿದ್ದು. ವಯಸ್ಸಾದ ಮರದ ಚೇಗಿಗೆ ರೆಡ್ ಹಾರ್ಟ್ ಎಂಬ ಶಿಲೀಂಧ್ರ ಹಿಡಿದು ಒಳಗೆ ಮೆತ್ತಗಾಗಿರುತ್ತದೆ. ಆದರೆ ಚೇಗಿನವರೆಗೆ ತಲುಪಲು ರಾಳ ಒಸರುವ ಹಸಿಕಟ್ಟಿಗೆಯನ್ನು ದಾಟಬೇಕು. ಸ್ವಲ್ಪ ಕೊರೆಯುವುದು, ರಾಳ ಹರಿದು ನಿಲ್ಲುವವರೆಗೆ ಕಾಯುವುದು, ಮತ್ತೆ ಕೊರೆಯುವುದು. ಹೀಗೆ ಒಂದು ಪೊಟರೆಗೆ ಹಲವು ವರ್ಷ ಹಿಡಿಯುತ್ತದೆ. ಲಾಂಗ್‌ಲೀಫ್‌ನಲ್ಲಿ ಹತ್ತು ವರ್ಷ ದಾಟುವುದೂ ಉಂಟು.

ಹಾಗಾಗಿ ಈ ಹಕ್ಕಿಯ ಲೆಕ್ಕದಲ್ಲಿ ಜಾಗ ಎಂದರೆ ಮೊದಲು ಪೊಟರೆ, ಆಮೇಲೆ ಮೇವು. ಇದೇ ಸ್ಯಾಂಡ್‌ಹಿಲ್ಸ್‌ನಲ್ಲಿ ಪಕ್ಷಿ ವಿಜ್ಞಾನಿ ಜೆಫ್ರಿ ವಾಲ್ಟರ್ಸ್ ಮತ್ತು ಸಂಗಡಿಗರು ಖಾಲಿ ಬಿದ್ದಿದ್ದ 20 ಜಾಗಗಳಲ್ಲಿ ಮನುಷ್ಯರ ಕೈಯಿಂದ ಪೊಟರೆ ಕೊರೆಸಿ ನೋಡಿದರು. 18ಕ್ಕೆ ಹಕ್ಕಿ ಬಂತು. ಪೊಟರೆ ಕೊರೆಯದೆ ಹಾಗೇ ಬಿಟ್ಟ ಜಾಗಗಳಿಗೆ ಒಂದೂ ಬರಲಿಲ್ಲ. 1992ರಲ್ಲಿ ಪ್ರಕಟವಾದ ಕೆಲಸ ಇದು. ಕಾಡು ಇದೆ, ಹಕ್ಕಿ ಯಾಕಿಲ್ಲ ಅನ್ನುವ ಪ್ರಶ್ನೆಗೆ ಅದೇ ಉತ್ತರ.

ಒಂದು ಗುಂಪು ಬಳಸುವ ಪೊಟರೆ ಮರಗಳ ಸಮೂಹಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಗುಂಪು ಎಂದರೆ ಒಂದು ಜೋಡಿ, ಜೊತೆಗೆ ಸೊನ್ನೆಯಿಂದ ನಾಲ್ಕು ಸಹಾಯಕ ಹಕ್ಕಿ. ಸಹಾಯಕರು ಬಹುಪಾಲು ಹಿಂದಿನ ವರ್ಷಗಳ ಗಂಡುಮಕ್ಕಳು. ಹೆಣ್ಣುಮಕ್ಕಳು ಹೆಚ್ಚಾಗಿ ಮೊದಲ ವರ್ಷವೇ ಮನೆ ಬಿಡುತ್ತಾರೆ. ರಾತ್ರಿ ಒಂದು ಪೊಟರೆಗೆ ಒಂದೇ ಹಕ್ಕಿ. ಪೊಟರೆ ಸಿಗದ ಹಕ್ಕಿ ಬಯಲಲ್ಲೇ, ಕೊಂಬೆಯ ಕವಲಿನಲ್ಲಿ ರಾತ್ರಿ ಕಳೆಯುತ್ತದೆ. ಬೆಳಗಿನ ಎಣಿಕೆ ತಪ್ಪುವುದು ಇಂಥವುಗಳಿಂದಲೇ.

ಬಳಕೆಯಲ್ಲಿರುವ ಮರದ ಗುರುತು: ಪೊಟರೆಯ ಬಾಯಿಯ ಸುತ್ತ ಹಕ್ಕಿ ಕುಟ್ಟಿದ ಸಣ್ಣ ಸಣ್ಣ ಗುಳಿಗಳು, ಅವುಗಳಿಂದ ಇಳಿದ ಹೊಸ ರಾಳ. ಹೊಸದು ಪಾರದರ್ಶಕವಾಗಿ ಅಂಟಂಟಾಗಿರುತ್ತದೆ, ಬಿಸಿಲಿಗೆ ಹೊಳೆಯುತ್ತದೆ. ತೊಗಟೆ ಕೆರೆದು ತೆಗೆದ ಕಡೆ ಕೆಂಪು ಛಾಯೆ. ದೂರದಿಂದ ಮರಕ್ಕೆ ಮೇಣದಬತ್ತಿ ಕರಗಿಸಿ ಸುರಿದಂತೆ ಕಾಣುತ್ತದೆ. ಬಿಟ್ಟುಹೋದ ಮರದಲ್ಲಿ ರಾಳ ಬೂದು ಬಣ್ಣಕ್ಕೆ ತಿರುಗಿ ಒಣಗಿ ಬಿರಿದಿರುತ್ತದೆ, ಕೆಂಪು ಮಾಸಿರುತ್ತದೆ. ರಾಳದ ಈ ಲೇಪ ರ‍್ಯಾಟ್ ಸ್ನೇಕ್ ಎಂಬ ಮರ ಹತ್ತುವ ಹಾವಿಗೆ ಹಾಕಿದ ತಡೆ. ಹಾವಿನ ಹೊಟ್ಟೆಯ ಹುರುಪೆಗೆ ರಾಳ ಮೆತ್ತಿದರೆ ಅದಕ್ಕೆ ಹಿಡಿತ ಸಿಗುವುದಿಲ್ಲ.

ಬಣ್ಣದ_ಕಾಲು
ರಿಂಗ್ ಓದುವ ಬಗ್ಗೆ. (ಅಮೆರಿಕದಲ್ಲಿ ಬ್ಯಾಂಡ್ ಅನ್ನುತ್ತಾರೆ, ನಮ್ಮ ಕಡೆ ರಿಂಗ್. ಅಲ್ಲಿ ಹೋಗಿ ರಿಂಗ್ ಅಂದರೆ ಒಂದು ಕ್ಷಣ ಮುಖ ನೋಡುತ್ತಾರೆ, ಅಷ್ಟೇ.)

ಬೈನಾಕ್ಯುಲರ್ ಹಕ್ಕಿ ಹಿಂಬಾಲಿಸಲು. ರಿಂಗ್ ಓದಲು ಟ್ರೈಪಾಡ್ ಮೇಲಿನ ಸ್ಪಾಟಿಂಗ್ ಸ್ಕೋಪ್ ಬೇಕೇ ಬೇಕು. 20–60 ಪಟ್ಟು ಜೂಮ್ ಇರುವುದು ತೆಗೆದುಕೊಳ್ಳಿ, ಆದರೆ ಕೆಲಸ ನಡೆಯುವುದು 30ರ ಆಸುಪಾಸಿನಲ್ಲಿ. ಅದಕ್ಕಿಂತ ಏರಿಸಿದರೆ ಬೆಳಕು ಕುಗ್ಗುತ್ತದೆ, ಹಕ್ಕಿ ಒಂದು ಹೆಜ್ಜೆ ಮೇಲೆ ಹತ್ತಿದರೆ ಚೌಕಟ್ಟಿನಿಂದ ಆಚೆ. ಪಕ್ಷಿ 20–22 ಸೆಂ.ಮೀ. ಉದ್ದ, 40–55 ಗ್ರಾಂ ತೂಕ. ಕಾಲು ಗಿಡ್ಡ. ಮೇಲಿನ ರಿಂಗ್ ಹೊಟ್ಟೆಯ ಗರಿಯೊಳಗೆ, ಕೆಳಗಿನದು ತೊಗಟೆಯ ಸೀಳಿನೊಳಗೆ ಅಡಗುವುದು ಮಾಮೂಲು.

ಹಕ್ಕಿಯ ನೇರ ಹಿಂದೆ ನಿಂತು ಅದರ ಬೆನ್ನು ನೋಡಿದರೆ ಎರಡೂ ಕಾಲು ಒಟ್ಟಿಗೆ ಕಾಣುವುದು ಅಪರೂಪ. ಕಾಂಡಕ್ಕೆ 30–45 ಡಿಗ್ರಿ ಓರೆಯಲ್ಲಿ ನಿಂತರೆ ಒಂದು ಕಾಲು ಪೂರ್ತಿ ಸಿಗುತ್ತದೆ. ಅದು ಓದಿ ಮುಗಿಸಿ, ಆಮೇಲೆ ಸುತ್ತು ಬಳಸಿ ಇನ್ನೊಂದು ಕಡೆ ಬನ್ನಿ. ಸೂರ್ಯ ನಿಮ್ಮ ಬೆನ್ನಿಗಿರಲಿ. ಹಕ್ಕಿ ತೊಗಟೆ ಎಬ್ಬಿಸಲು ಕಾಲು ಅಗಲಿಸಿದಾಗ, ಅಡ್ಡಕೊಂಬೆಗೆ ಹಾರಿ ಕೂತಾಗ, ಕೆನ್ನೆ ಕೆರೆದುಕೊಂಡಾಗ ಕಾಲು ಚೆನ್ನಾಗಿ ಕಾಣುತ್ತದೆ.

ಬರೆಯುವ ಕ್ರಮ: ಹಕ್ಕಿಯ ಎಡಗಾಲು ಮೇಲಿನಿಂದ ಕೆಳಕ್ಕೆ, ನಂತರ ಬಲಗಾಲು ಮೇಲಿನಿಂದ ಕೆಳಕ್ಕೆ. ಎಡ ಎಂದರೆ ಹಕ್ಕಿಯ ಎಡ. ಕಾಂಡಕ್ಕೆ ಅಂಟಿಕೊಂಡು ಬೆನ್ನು ತೋರಿಸಿದಾಗ ಅದರ ಎಡವೇ ನಿಮ್ಮ ಎಡ. ಕೊಂಬೆಯ ಮೇಲೆ ಕೂತು ಎದೆ ತೋರಿಸಿದ ತಕ್ಷಣ ಅದು ಅದಲುಬದಲು. ಹೊಸಬರು ಮಾಡುವ ತಪ್ಪುಗಳಲ್ಲಿ ಅರ್ಧ ಇದೊಂದೇ. ಆದ್ದರಿಂದ ಹಕ್ಕಿ ಯಾವ ಭಂಗಿಯಲ್ಲಿತ್ತು ಎಂದೂ ಬರೆಯಿರಿ: ಬೆನ್ನು, ಎದೆ, ಎಡಮಗ್ಗುಲು, ಬಲಮಗ್ಗುಲು. ಆಮೇಲೆ ತಿದ್ದಲು ಅದೇ ಆಧಾರ.

ಸಂಖ್ಯೆ ಕೆತ್ತಿದ ಅಲ್ಯೂಮಿನಿಯಂ ರಿಂಗ್ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಯದು. ಬಣ್ಣದವು ಪ್ಲಾಸ್ಟಿಕ್. ಯಾವ ಕಾಲಿನಲ್ಲಿ ಲೋಹ, ಎಷ್ಟು ಬಣ್ಣ ಎಂಬುದು ಪ್ರತಿ ಯೋಜನೆಗೂ ಬೇರೆ. ಹೋಗುವ ಮುಂಚೆ ಆ ಕಾಡಿನ ಹಕ್ಕಿಗಳ ರಿಂಗ್ ಜೋಡಣೆಗಳ ಪಟ್ಟಿ ಕೇಳಿ ಪಡೆಯಿರಿ, ಆದರೆ ಮರದ ಕೆಳಗೆ ನಿಂತಾಗ ಅದನ್ನು ತೆರೆಯಬೇಡಿ. ಪಟ್ಟಿ ನೋಡುತ್ತಾ ಓದಿದರೆ ಕಣ್ಣು ಪಟ್ಟಿಯಲ್ಲಿರುವುದನ್ನೇ ಕಾಣುತ್ತದೆ. ಮೊದಲು ಕಂಡದ್ದು ಬರೆಯಿರಿ, ವಾಹನಕ್ಕೆ ಬಂದ ಮೇಲೆ ಹೋಲಿಸಿ.

ಹೊಸಬಿ_ಡರಮ್
ಇದಕ್ಕಿಂತ ಗಂಡು ಹಕ್ಕಿಯ ತಲೆಯ ಪಕ್ಕದ ಕೆಂಪು ನೋಡಿಕೊಂಡರೆ ಸುಲಭ ಅಲ್ಲವೇ? ಗಂಡು ಯಾವುದು ಹೆಣ್ಣು ಯಾವುದು ಅಂತಾದರೂ ತಿಳಿಯುತ್ತದಲ್ಲ.

ಬಣ್ಣದ_ಕಾಲು
ಇಲ್ಲ ಮೇಡಂ. ಹೆಸರೇ ಮೋಸದ್ದು. ಕಾಕೇಡ್ ಎಂದರೆ ಹಿಂದೆ ಟೋಪಿಗೆ ಸಿಕ್ಕಿಸುತ್ತಿದ್ದ ರಿಬ್ಬನ್ ಕುಚ್ಚು. ದೊಡ್ಡ ಗಂಡಿನ ಬಿಳಿ ಕೆನ್ನೆಯ ಮೇಲಂಚಿನಲ್ಲಿ ನಾಲ್ಕಾರು ಕೆಂಪು ಗರಿ ಇರುತ್ತವೆ, ಕಪ್ಪು ಗರಿಯ ಕೆಳಗೆ ಮುಚ್ಚಿಕೊಂಡಿರುತ್ತವೆ. ಜಗಳಕ್ಕೆ ನಿಂತಾಗ ಕೆದರಿದರೆ ಕಂಡೀತು. ಕಾಣಲಿಲ್ಲ ಎಂದು ಹೆಣ್ಣು ಎಂದು ಬರೆಯಬೇಡಿ.

ಕೆಂಪು ಸ್ಪಷ್ಟವಾಗಿ ಕಾಣುವುದು ಮರಿಗಂಡಿಗೆ ಮಾತ್ರ. ಗೂಡು ಬಿಟ್ಟ ಮರಿಗಂಡಿನ ನೆತ್ತಿಯ ನಡುವೆ ಕೆಂಪು ಮಚ್ಚೆ, ಮರಿಹೆಣ್ಣಿಗೆ ಅದಿಲ್ಲ. ಶರತ್ಕಾಲಕ್ಕೆ ಗರಿ ಬದಲಾದಾಗ ಮಚ್ಚೆ ಹೋಗುತ್ತದೆ. ಮರಿಗೆ ರಿಂಗ್ ಹಾಕುವುದು 5ರಿಂದ 10 ದಿನದೊಳಗೆ, ಆಗ ನೆತ್ತಿಯಲ್ಲಿ ಇನ್ನೂ ಗರಿ ಬಂದಿರುವುದಿಲ್ಲ. ಅದಕ್ಕೇ ಸುಮಾರು 26ನೇ ದಿನಕ್ಕೆ ಮರಿ ಹೊರಬಿದ್ದ ಮೇಲೆ ಮತ್ತೊಮ್ಮೆ ಹೋಗಿ, ಯಾವ ರಿಂಗ್ ಜೋಡಣೆಯ ಮರಿಗೆ ಕೆಂಪು ನೆತ್ತಿ ಇದೆ ಎಂದು ಸ್ಕೋಪಿನಲ್ಲಿ ನೋಡಬೇಕು. ಈ ಒಂದು ಭೇಟಿ ತಪ್ಪಿಸಿಕೊಂಡರೆ ಆ ಮರಿ ಮುಂದೆ ಸಹಾಯಕನಾಗುತ್ತದೋ ಮನೆ ಬಿಟ್ಟು ಹೋಗುವ ಹೆಣ್ಣೋ ಎಂಬ ಲೆಕ್ಕವೇ ಸಿಗುವುದಿಲ್ಲ.

ನೋಡಿಯೇ ಲಿಂಗ ಊಹಿಸಬೇಕೆಂದರೆ ಮೇವಿನ ಜಾಗ ಸ್ವಲ್ಪ ಸುಳಿವು ಕೊಡುತ್ತದೆ. ಗಂಡು ಹೆಚ್ಚಾಗಿ ಮರದ ಮೇಲ್ಭಾಗ ಮತ್ತು ಕೊಂಬೆಗಳಲ್ಲಿ, ಹೆಣ್ಣು ಕೊಂಬೆಗಳ ಕೆಳಗಿನ ಬೋಳು ಕಾಂಡದಲ್ಲಿ ಹುಡುಕುತ್ತದೆ. ಸುಳಿವು ಅಷ್ಟೇ, ದಾಖಲೆ ಅಲ್ಲ.

ರಾಳಪ್ಪ
ಬಣ್ಣದ ಗೊಂದಲದ ಬಗ್ಗೆ ಯಾರೂ ಬರೆಯಲಿಲ್ಲವಲ್ಲ ರೀ. ನಾನೇ ಹೇಳಿಬಿಡ್ತೀನಿ.

ಬೆಳಗಿನ ಮಬ್ಬಿನಲ್ಲಿ ಕಡುನೀಲಿ, ಕಡುಹಸಿರು, ಕಪ್ಪು ಮೂರೂ ಒಂದೇ. ಬಿಸಿಲಿಗೆ ಮಾಸಿದ ಕೆಂಪು ಕಿತ್ತಳೆಯಾಗಿ ಕಾಣುತ್ತದೆ, ಮಾಸಿದ ಗುಲಾಬಿ ಬಿಳಿಯಾಗುತ್ತದೆ. ಈ ಹಕ್ಕಿ ದಿನವಿಡೀ ರಾಳದ ಮರದಲ್ಲೇ ಇರುವುದರಿಂದ ರಿಂಗಿಗೂ ರಾಳ ಹತ್ತುತ್ತದೆ. ಬಿಳಿ ರಿಂಗ್ ಹಳದಿಯಾಗುತ್ತದೆ, ಹಳದಿ ಕಂದಾಗುತ್ತದೆ. ಅಲ್ಯೂಮಿನಿಯಂ ನೆರಳಿನಲ್ಲಿ ಬೂದು, ಬಿಸಿಲಲ್ಲಿ ಬಿಳಿ. ಒಂದೇ ಬಣ್ಣದ ಎರಡು ರಿಂಗ್ ಒಂದರ ಮೇಲೊಂದಿದ್ದರೆ ಒಂದೇ ಎತ್ತರದ ರಿಂಗ್ ಎನಿಸುತ್ತದೆ. ಪಕ್ಕದ ಕಾಲಿನ ರಿಂಗಿನ ಎತ್ತರಕ್ಕೆ ಹೋಲಿಸಿ ನೋಡಬೇಕು.

ಲೆಕ್ಕ ಹಾಕಿ ನೋಡಿ. 8 ಬಣ್ಣ, 3 ಜಾಗ ಎಂದರೆ 512 ಜೋಡಣೆ. ಲೋಹದ ರಿಂಗ್ ಇಡುವ ಜಾಗ ನಾಲ್ಕು ಥರ ಬದಲಾಯಿಸಿದರೆ 2048. ಆದರೆ ಗೊಂದಲ ಮಾಡುವ ಎರಡು ಬಣ್ಣ ಬಿಟ್ಟು 6ಕ್ಕೆ ಇಳಿದರೆ 512 ಇದ್ದದ್ದು 216 ಆಗುತ್ತದೆ. ದೊಡ್ಡ ಯೋಜನೆಗಳು ಕಷ್ಟದ ಬಣ್ಣಗಳನ್ನೂ ಬಳಸುವುದು ಇದಕ್ಕೇ. ಆ ಭಾರ ಓದುವವರ ತಲೆ ಮೇಲೆ.

ಅದಕ್ಕೆ ನಿಯಮ: ಖಚಿತವಿಲ್ಲದ ಬಣ್ಣದ ಮುಂದೆ ಪ್ರಶ್ನಾರ್ಥಕ. ಕಾಣದ ಜಾಗಕ್ಕೆ ಗೆರೆ. ಕಾಲಲ್ಲಿ ರಿಂಗೇ ಇಲ್ಲ ಎಂದು ಕಣ್ಣಾರೆ ಕಂಡಿದ್ದರೆ ಮಾತ್ರ ಸೊನ್ನೆ. ಗೆರೆಗೂ ಸೊನ್ನೆಗೂ ಅಜಗಜಾಂತರ. "ಕಾಣಲಿಲ್ಲ" ಎಂಬುದನ್ನು "ಇಲ್ಲ" ಎಂದು ಬರೆದರೆ ಆ ಕಾಡಿನಲ್ಲಿ ಇಲ್ಲದ ಒಂದು ಹೊಸ ಹಕ್ಕಿ ಕಾಗದದ ಮೇಲೆ ಹುಟ್ಟುತ್ತದೆ, ಅದಕ್ಕೊಂದು ಸರಹದ್ದೂ ಸಿಗುತ್ತದೆ. ಓದದೇ ಬಿಟ್ಟ ಕಾಲಿನಿಂದ ಒಂದು ಬೆಳಗು ನಷ್ಟ. ತಪ್ಪು ಓದಿದ ಕಾಲಿನಿಂದ ಆ ವರ್ಷದ ನಕ್ಷೆಯೇ ನಷ್ಟ.

ಕೇರಿಯವ
ಧನ್ಯವಾದ. ಕ್ಯಾಮೆರಾ ಒಯ್ದರೆ ಈ ತಲೆನೋವು ತಪ್ಪುತ್ತದೆಯೇ?

ಬಣ್ಣದ_ಕಾಲು
ಅರ್ಧ ತಪ್ಪುತ್ತದೆ. 400–600 ಮಿ.ಮೀ. ಲೆನ್ಸ್, ಶಟರ್ 1/1000ಕ್ಕಿಂತ ವೇಗ, ಒಂದೇ ಗುಕ್ಕಿನಲ್ಲಿ ಹತ್ತು ಹದಿನೈದು ಚಿತ್ರ. ಬಿಳಿ ಕೆನ್ನೆಗೆ ಬೆಳಕು ಅಳೆದರೆ ಕಾಲು ಕಪ್ಪಾಗುತ್ತದೆ, ಕಪ್ಪು ಬೆನ್ನಿಗೆ ಅಳೆದರೆ ತಿಳಿ ಬಣ್ಣಗಳು ಸುಟ್ಟುಹೋಗುತ್ತವೆ. ಆದ್ದರಿಂದ ಸ್ವಲ್ಪ ಕಡಿಮೆ ಬೆಳಕಿಗೆ ಹೊಂದಿಸಿ ರಾ ಫೈಲ್ ಉಳಿಸಿ. ಆದರೆ ಗುಂಪಿನಲ್ಲಿ ಐದು ಹಕ್ಕಿ ಇದ್ದಾಗ ಕ್ಯಾಮೆರಾ ಒಂದರ ಹಿಂದೆ ಬಿದ್ದರೆ ಮಿಕ್ಕ ನಾಲ್ಕು ಏನು ಮಾಡಿದವು ಎಂಬುದು ಕೈಬಿಡುತ್ತದೆ. ಇಬ್ಬರಿದ್ದರೆ ಒಬ್ಬರು ಸ್ಕೋಪ್, ಒಬ್ಬರು ಕ್ಯಾಮೆರಾ.

ಪೊಟರೆ_ಪಹರೆ
ಬೆಳಗಿನ ಎಣಿಕೆಯ ಕ್ರಮ ಬರೆಯುತ್ತೇನೆ. ಮುಂಚಿನ ದಿನವೇ ಕ್ಲಸ್ಟರ್ ಸುತ್ತಿ ಬಳಕೆಯಲ್ಲಿರುವ ಮರಗಳನ್ನು ಗುರುತಿಸಿ, ಎಲ್ಲಿ ನಿಂತರೆ ಎರಡು ಬಾಯಿ ಒಟ್ಟಿಗೆ ಕಾಣುತ್ತವೆ ಎಂದು ನೋಡಿಕೊಳ್ಳಿ. ಪೊಟರೆಯ ಎತ್ತರ ಬಹಳ ಸಲ 6ರಿಂದ 15 ಮೀಟರ್. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಜಾಗದಲ್ಲಿ ನಿಂತಿರಬೇಕು, ಟಾರ್ಚ್ ಆರಿಸಿರಬೇಕು. ಮರದಿಂದ 40–60 ಮೀಟರ್ ದೂರ. ಹಕ್ಕಿಗಳು ಸೂರ್ಯೋದಯದ ಆಸುಪಾಸು ಒಂದೊಂದಾಗಿ ಹೊರಬೀಳುತ್ತವೆ, ಮೋಡ ಮಳೆ ಇದ್ದರೆ ತಡ. ಯಾವ ಮರದಿಂದ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಬರೆಯಿರಿ. ಬಳಕೆಯ ಮರ ನಾಲ್ಕಿದ್ದು ನೀವು ಒಬ್ಬರೇ ಆದರೆ ಒಂದೇ ಬೆಳಗಿನಲ್ಲಿ ಮುಗಿಯದು. ಸಂಜೆ ಮರಳುವಾಗಲೂ ನೋಡಿ, ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚಿನಿಂದ.

ಹೊರಬಿದ್ದವು ಕೂಗಾಡುತ್ತಾ ಒಂದು ಕಡೆ ಸೇರುತ್ತವೆ, ಆಮೇಲೆ ಮೇವಿಗೆ ಹೊರಡುತ್ತವೆ. ಎಣಿಕೆ ಇಲ್ಲಿಗೆ ಮುಗಿಯಿತು ಎಂದು ಮನೆಗೆ ಹೋಗಬೇಡಿ. ಕನಿಷ್ಠ ಒಂದು ಗಂಟೆ ಅವುಗಳನ್ನು ಹಿಂಬಾಲಿಸಿ. ಒಂದೇ ಕ್ಲಸ್ಟರಿನಲ್ಲಿ ಮಲಗಿದ ಮಾತ್ರಕ್ಕೆ ಒಂದೇ ಗುಂಪು ಅಲ್ಲ. ಪಕ್ಕದ ಗುಂಪಿನ ಹಕ್ಕಿ ಖಾಲಿ ಪೊಟರೆಯಲ್ಲಿ ಮಲಗಿ ಬೆಳಿಗ್ಗೆ ತನ್ನ ಬಳಗಕ್ಕೆ ಹೋಗುವುದುಂಟು. ಜೊತೆಯಲ್ಲಿ ಸಮಾಧಾನವಾಗಿ ಮೇಯ್ದರೆ ಗುಂಪಿನದು. ಅಟ್ಟಿಸಿಕೊಂಡು ಓಡಿದರೆ ಹೊರಗಿನದು.

ಪೊಟರೆಯಿಂದ ಬೇರೆ ಏನಾದರೂ ಹೊರಬಂದರೆ ಅದನ್ನೂ ಬರೆಯಿರಿ. ಹಾರುವ ಅಳಿಲು, ರೆಡ್-ಬೆಲೀಡ್ ಮರಕುಟಿಗ, ರೆಡ್-ಹೆಡೆಡ್ ಮರಕುಟಿಗ ಇವೆಲ್ಲ ಬಿಟ್ಟಿ ಬಾಡಿಗೆದಾರರು. ಪೈಲಿಯೇಟೆಡ್ ಮರಕುಟಿಗ ಬಾಯಿಯನ್ನೇ ಹಿಗ್ಗಿಸಿ ಕೆಡಿಸಿಬಿಡುತ್ತದೆ. ಅದಕ್ಕೆ ತಡೆಯಾಗಿ ಬಾಯಿಯ ಸುತ್ತ ಲೋಹದ ತಗಡು ಹೊಡೆಯುತ್ತಾರೆ.

ನಕ್ಷೆಗಾರ
ಈಗ ಗೆರೆ. ಕೇರಿಯವರೇ, ನೀವು ಕೇಳಿದ್ದರಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿವೆ. ಗುಂಪು ಓಡಾಡುವಷ್ಟು ಜಾಗ ಒಂದು, ಅದು ಕಾಯುವಷ್ಟು ಜಾಗ ಇನ್ನೊಂದು. ಎರಡನೆಯದೇ ಟೆರಿಟರಿ. ಈ ಹಕ್ಕಿಗಳು ವರ್ಷವಿಡೀ ಜಾಗ ಕಾಯುವುದರಿಂದ ಎರಡೂ ಬಹುಮಟ್ಟಿಗೆ ಒಂದರ ಮೇಲೊಂದು ಕೂರುತ್ತವೆ, ಆದರೆ ಅಂಚಿನಲ್ಲಿ ವ್ಯತ್ಯಾಸವಿದೆ. ಪಕ್ಕದಲ್ಲಿ ಯಾರೂ ಇಲ್ಲದ ಕಡೆ ಗುಂಪು ದೂರದವರೆಗೆ ಅಲೆದಾಡುತ್ತದೆ. ಅಲ್ಲಿ ಕಾಯುವ ಪ್ರಸಂಗವೇ ಬರುವುದಿಲ್ಲ.

ವಿಧಾನ: ಗುಂಪು ಹೊರಟಾಗಿನಿಂದ ಹಿಂದೆ ನಡೆದು 10 ನಿಮಿಷಕ್ಕೊಮ್ಮೆ ಒಂದು ಬಿಂದು. ಅಲಾರಂ ಇಟ್ಟುಕೊಳ್ಳಿ. ಚೆನ್ನಾಗಿ ಕಂಡಾಗ ಮಾತ್ರ ಬಿಂದು ಹಾಕಿದರೆ ನಕ್ಷೆಯಲ್ಲಿ ಬಯಲು ಜಾಗಗಳೇ ತುಂಬಿಕೊಳ್ಳುತ್ತವೆ. ಹಕ್ಕಿ ಇರುವಾಗಲೇ ಮರದ ಕೆಳಗೆ ಹೋದರೆ ನೀವೇ ಅದನ್ನು ಮುಂದಕ್ಕೆ ದಬ್ಬಿದಂತೆ. ಮರ ಗುರುತಿಟ್ಟುಕೊಂಡು, ಗುಂಪು ಮುಂದೆ ಸರಿದ ಮೇಲೆ ಹೋಗಿ ಜಿಪಿಎಸ್ ಒತ್ತಿ. ಪೈನ್ ತೋಪಿನ ಕೆಳಗೆ ಫೋನಿನ ಜಿಪಿಎಸ್ 5–10 ಮೀಟರ್ ತಪ್ಪುವುದು ಸಹಜ, ಈ ಕೆಲಸಕ್ಕೆ ಅದು ತೊಂದರೆಯಿಲ್ಲ. 6 ಗಂಟೆ ನಡೆದರೆ 36 ಬಿಂದು. ಪ್ರತಿ ಬಿಂದುವಿಗೂ ಯಾವ ಯಾವ ರಿಂಗ್ ಜೋಡಣೆ ಕಂಡಿತು ಎಂದು ಬರೆಯಬೇಕು, ಇಲ್ಲದಿದ್ದರೆ ದಾರಿಯಲ್ಲಿ ಗುಂಪು ಬದಲಾದದ್ದು ನಿಮಗೇ ತಿಳಿಯುವುದಿಲ್ಲ. ಎರಡು ಗುಂಪು ಗಡಿಯಲ್ಲಿ ಸಂಧಿಸಿ ಕಲಸಿಹೋದಾಗ ಆಗುವ ಎಡವಟ್ಟು ಇದೇ: ಒಂದು ಗುಂಪಿನ ಹಿಂದೆ ಹೋದವರು ಇನ್ನೊಂದರ ಹಿಂದೆ ಮರಳುತ್ತಾರೆ.

ಜಗಳದ ಬಿಂದು ಬೇರೆ ಪದರದಲ್ಲಿ ಇರಲಿ. ರೆಕ್ಕೆ ಹರಡಿ ತೋರಿಸುವುದು, ಕಿರುಚಾಟ, ಕಾಂಡದ ಸುತ್ತ ಅಟ್ಟಾಟ ಇವೆಲ್ಲ ಎಲ್ಲಿ ನಡೆದವೋ ಅಲ್ಲಿ ಗುರುತು, ಯಾವ ಹಕ್ಕಿ ಯಾವುದನ್ನು ಅಟ್ಟಿತು, ಕೊನೆಗೆ ಯಾವುದು ಎತ್ತ ಹೋಯಿತು ಎಂಬುದರ ಸಮೇತ. ಗಡಿ ಸಿಗುವುದು ಈ ಪದರದಿಂದ.

ನಕ್ಷೆ ಬಿಡಿಸುವಾಗ ನಾರ್ತ್ ಕ್ಯಾರೊಲೈನಾ ಸ್ಯಾಂಡ್‌ಹಿಲ್ಸ್‌ಗೆ ಯುಟಿಎಂ (ಮೀಟರಿನಲ್ಲಿ ಅಳೆಯುವ ನಕ್ಷೆ ಜಾಲ) ವಲಯ 17 ಉತ್ತರ. ಅಕ್ಷಾಂಶ ರೇಖಾಂಶದಲ್ಲೇ ವಿಸ್ತೀರ್ಣ ಲೆಕ್ಕ ಹಾಕಿದರೆ ಫಲ ಚದರ ಡಿಗ್ರಿಗಳಲ್ಲಿ ಬರುತ್ತದೆ, ಅದಕ್ಕೆ ಅರ್ಥವಿಲ್ಲ. ಹೊರಗಿನ ಬಿಂದುಗಳನ್ನೆಲ್ಲ ಸೇರಿಸಿ ಸುತ್ತುಗೆರೆ ಎಳೆಯುವ ಪಾಲಿಗನ್ ವಿಧಾನ ಸುಲಭ, ಆದರೆ ಒಂದೇ ಒಂದು ದೂರದ ಅಲೆದಾಟ ಇಡೀ ಆಕಾರವನ್ನು ಎಳೆದು ಉಬ್ಬಿಸುತ್ತದೆ. ಶೇಕಡ 95ರ ಕರ್ನೆಲ್ (ಬಿಂದುಗಳ ದಟ್ಟಣೆ ಆಧರಿಸಿ ಎಳೆಯುವ ಗೆರೆ) ಜೊತೆಗೆ ಕೊಡಿ, ಎರಡನ್ನೂ ತೋರಿಸಿ. ಹತ್ತು ನಿಮಿಷದ ಬಿಂದುಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ ಎಂಬುದೂ ನೆನಪಿರಲಿ. ಒಂದೇ ದಿನದ 36 ಬಿಂದುಗಳಿಗಿಂತ ಆರು ದಿನಗಳ ಆರಾರು ಬಿಂದು ಹೆಚ್ಚು ಹೇಳುತ್ತವೆ.

ಎಷ್ಟು ದಿನ? ಹೊಸ ದಿನ ಸೇರಿಸಿದಂತೆಲ್ಲ ವಿಸ್ತೀರ್ಣದ ರೇಖೆ ಏರುತ್ತದೆ. ಏರುವುದು ನಿಂತಾಗ ಸಾಕು. ಗೂಡಿನ ಕಾಲದಲ್ಲಿ ಮಾತ್ರ ನೋಡಿದರೆ ರೇಖೆ ಬೇಗ ಮಟ್ಟಸವಾಗುತ್ತದೆ, ಆದರೆ ಅದು ಕಿರಿದಾದ ಕಾಲ. ಏಪ್ರಿಲ್‌ನಿಂದ ಜೂನ್‌ವರೆಗೆ ಗೂಡಿನ ಸುತ್ತಲೇ ಓಡಾಟ, ಚಳಿಗಾಲದಲ್ಲಿ ಅಲೆದಾಟ ಹಿಗ್ಗುತ್ತದೆ. ವರ್ಷದ ಎರಡೂ ಹೋಳು ಇಲ್ಲದ ನಕ್ಷೆಗೆ "ಗೂಡಿನ ಕಾಲದ ನಕ್ಷೆ" ಎಂದೇ ಹೆಸರು ಹಾಕಿ.

ಮರಳುದಿಣ್ಣೆ
ಇಷ್ಟೆಲ್ಲ ಯಾಕೆ? ಕ್ಲಸ್ಟರಿನ ನಡುಬಿಂದುವಿನಿಂದ ಅರ್ಧ ಮೈಲಿ ವೃತ್ತ ಎಳೆಯುತ್ತಾರಲ್ಲ, ಪಕ್ಕದ ವೃತ್ತ ಅಡ್ಡ ಬಂದರೆ ನಡುವೆ ಸೀಳುತ್ತಾರೆ. ಅಮೆರಿಕದ ವನ್ಯಜೀವಿ ಇಲಾಖೆಯೇ ಒಪ್ಪಿದ ಲೆಕ್ಕ ಅದು.

ನಕ್ಷೆಗಾರ
ಅದು ಮರ ಕಡಿಯುವ ಮುನ್ನ ಮೇವಿನ ಮರ ಎಷ್ಟಿವೆ ಎಂದು ತೂಗಲು ಮಾಡಿಕೊಂಡ ಆಡಳಿತದ ಏರ್ಪಾಡು. ಅರ್ಧ ಮೈಲಿ ತ್ರಿಜ್ಯದ ವೃತ್ತ ಎಂದರೆ ಸುಮಾರು 203 ಹೆಕ್ಟೇರ್. ಹಿಂಬಾಲಿಸಿ ಅಳೆದ ಗುಂಪುಗಳ ಓಡಾಟ ಸಾಮಾನ್ಯವಾಗಿ 40ರಿಂದ 160 ಹೆಕ್ಟೇರ್ ನಡುವೆ. ದೊಡ್ಡ ಪೈನ್ ದಟ್ಟವಾಗಿದ್ದು ನೆಲದಲ್ಲಿ ಹುಲ್ಲು ಚೆನ್ನಾಗಿದ್ದರೆ ಕಡಿಮೆ ಜಾಗ ಸಾಕು. ಎಳೆ ತೋಪು, ಕುರುಚಲು ಓಕ್ ತುಂಬಿದ್ದರೆ ಹೆಚ್ಚು ಬೇಕು. ವೃತ್ತಕ್ಕೆ ಇದೊಂದೂ ಗೊತ್ತಿಲ್ಲ. ಹಿಂಬಾಲಿಸಲು ಜನ ಇಲ್ಲದ ಕಡೆ ವೃತ್ತ ಬಳಸಿ, ಬೇಡ ಅನ್ನುವುದಿಲ್ಲ. ಹಕ್ಕಿ ಎಳೆದ ಗೆರೆ ಎಂದು ಮಾತ್ರ ಕರೆಯಬೇಡಿ.

ಮರಳುದಿಣ್ಣೆ
ಒಪ್ಪಿದೆ. ಹಾಗಾದರೆ ಇದಕ್ಕೆ ಉತ್ತರ ಕೊಡಿ. ಒಂದು ಗುಂಪು ಎರಡು ಕ್ಲಸ್ಟರಿನ ಮರಗಳನ್ನೂ ಬಳಸುತ್ತಿದ್ದರೆ ಒಂದು ಟೆರಿಟರಿಯೋ ಎರಡೋ? ಮರ ನೋಡಿದರೆ ಎರಡೂ ಕಡೆ ರಾಳ ಹೊಸದು.

ಪೊಟರೆ_ಪಹರೆ
ರಿಂಗ್ ಹಾಕಿದ್ದರ ಪ್ರಯೋಜನ ಕಾಣುವುದು ಇಲ್ಲೇ. ಮರ ಮಾತ್ರ ನೋಡಿ ಎಣಿಸಿದರೆ ಎರಡು ಗುಂಪು ಎಂದು ಬರೆದುಬಿಡುತ್ತೇವೆ. ಸಾಧ್ಯತೆಗಳು ಬಹುಮಟ್ಟಿಗೆ ಮೂರು.

ಒಂದೇ ಗಂಡು, ಒಂದೇ ಹೆಣ್ಣು, ಅವೇ ಸಹಾಯಕರು ಎರಡೂ ಕಡೆ ಮಲಗುತ್ತಾ ಮೇಯುತ್ತಾ ಇದ್ದರೆ ಅದು ವಶಪಡಿಸಿಕೊಂಡ ಕ್ಲಸ್ಟರ್. ಪಕ್ಕದ ಗುಂಪು ನಶಿಸಿದ ಮೇಲೆ ಇವು ಅದರ ಪೊಟರೆಗಳನ್ನೂ ನುಂಗಿಕೊಂಡಿವೆ. ಟೆರಿಟರಿ ಒಂದೇ.

ಒಂದು ಕಡೆ ಹಳೆಯ ಗಂಡು, ಇನ್ನೊಂದು ಕಡೆ ಅದೇ ಕುಟುಂಬದ ರಿಂಗ್ ಇರುವ ಮಗ, ಮಗನ ಜೊತೆಗೆ ಹೊರಗಿನಿಂದ ಬಂದ ಹೆಣ್ಣು, ಅಪ್ಪ ಮಗ ಮಧ್ಯದಲ್ಲಿ ಸಂಧಿಸಿದಾಗ ಜಗಳ ಎಂದಾದರೆ ಟೆರಿಟರಿ ಒಡೆದು ಎರಡಾಗಿದೆ. ಇದಕ್ಕೆ ಬಡ್ಡಿಂಗ್ ಎನ್ನುತ್ತಾರೆ. ಆಸ್ತಿ ಪಾಲಾದಂತೆಯೇ. ಹೊಸ ಕಾಡಿಗೆ ಹೋಗಿ ಮೊದಲಿನಿಂದ ಪೊಟರೆ ಕೊರೆದು ನೆಲೆಯೂರುವುದು ಇದಕ್ಕಿಂತ ಬಹಳ ಅಪರೂಪ. ಹತ್ತು ವರ್ಷ ಮರ ಕೊರೆಯುವುದಕ್ಕಿಂತ ಅಪ್ಪನ ಮನೆಯಲ್ಲಿ ಕಾದು ಪಾಲು ಪಡೆಯುವುದೇ ಲಾಭ. ಸಹಾಯಕನಾಗಿ ಉಳಿಯುವ ಲೆಕ್ಕಾಚಾರವೂ ಅದೇ.

ಮೂರನೆಯದು, ಒಂದು ಕಡೆ ಒಂಟಿ ಗಂಡು. ಪೊಟರೆ ಇದೆ, ಹೆಣ್ಣಿಲ್ಲ. ಟೆರಿಟರಿ ಎರಡು, ಆದರೆ ಮರಿ ಮಾಡಬಲ್ಲ ಗುಂಪು ಒಂದೇ. ವರದಿಯಲ್ಲಿ ಇವೆರಡನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯುತ್ತಾರೆ.

ಯಾವುದು ಎಂದು ತೀರ್ಮಾನಿಸಲು ಎರಡೂ ಕ್ಲಸ್ಟರಿನಲ್ಲಿ ಒಂದೇ ಬೆಳಿಗ್ಗೆ, ಒಂದೇ ಹೊತ್ತಿಗೆ ಜನ ನಿಲ್ಲಬೇಕು. ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದರೆ ಒಂದೇ ಹಕ್ಕಿಯನ್ನು ಎರಡು ಸಲ ಎಣಿಸಬಹುದು. ಗಡಿಯಾರ ಸರಿಹೊಂದಿಸಿಕೊಂಡು ಹೊರಡಿ.

ರಾಳಪ್ಪ
ನಾಲ್ಕನೆಯದೂ ಒಂದಿದೆ. ಪಟ್ಟಿಯಲ್ಲಿ ಇಲ್ಲದ ಜೋಡಣೆಯ ಹಕ್ಕಿ ಬೇರೆ ಯೋಜನೆಯದಿರಬಹುದು. ಹಕ್ಕಿ ಹೆಚ್ಚಿರುವ ಕಾಡಿನಿಂದ ಕಡಿಮೆ ಇರುವ ಕಾಡಿಗೆ ಶರತ್ಕಾಲದಲ್ಲಿ ಎಳೆಯ ಹಕ್ಕಿಗಳನ್ನು ಸಾಗಿಸುತ್ತಾರೆ. ರಾತ್ರಿ ಪೊಟರೆಯಲ್ಲಿಟ್ಟು ಬಾಯಿಗೆ ತಂತಿ ಜಾಲರಿ ಹೊಡೆದು, ಬೆಳಕು ಹರಿದಾಗ ಕೆಳಗಿನಿಂದ ದಾರ ಎಳೆದು ಬಿಡುಗಡೆ. ಅಂಥ ಹಕ್ಕಿ ನಿಂತಲ್ಲಿ ನಿಲ್ಲದೆ ಅಕ್ಕಪಕ್ಕ ಅಲೆಯುವುದುಂಟು. ತಪ್ಪು ಓದಿದೆ ಎಂದು ಅಳಿಸಿಹಾಕುವ ಮುಂಚೆ ಬ್ಯಾಂಡಿಂಗ್ ಲ್ಯಾಬೊರೇಟರಿಯ ವರದಿ ಪುಟದಲ್ಲಿ ಹಾಕಿ.

ಹೊಸಬಿ_ಡರಮ್
ಧ್ವನಿ ಹಾಕಿದರೆ ಎಲ್ಲವೂ ಹತ್ತಿರ ಬರುತ್ತವಲ್ಲ? ರಿಂಗ್ ಓದಲು ಅನುಕೂಲ.

ಪೊಟರೆ_ಪಹರೆ
ಬೇಡ. ಧ್ವನಿ ಹಾಕಿದ ಕ್ಷಣದಿಂದ ನೀವು ನೋಡುವುದು ಹಕ್ಕಿಯ ಸರಹದ್ದನ್ನಲ್ಲ, ನಿಮ್ಮ ಸ್ಪೀಕರಿನ ಸರಹದ್ದನ್ನು. ಗಡಿಯಿಂದ ಆಚೆಗೂ ಎಳೆದು ತರಬಹುದು. ಅದಲ್ಲದೆ ಇದು ಫೆಡರಲ್ ಕಾನೂನಿನ ರಕ್ಷಣೆಯಲ್ಲಿರುವ ಹಕ್ಕಿ. 1970ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು, 2024ರ ಅಕ್ಟೋಬರ್‌ನಲ್ಲಿ ಒಂದು ಮೆಟ್ಟಿಲು ಇಳಿಸಿ "ಅಪಾಯದಲ್ಲಿರುವ" ವರ್ಗಕ್ಕೆ ತಂದರು. ರಕ್ಷಣೆ ಮುಂದುವರಿದಿದೆ. ಹಿಡಿಯುವುದು, ರಿಂಗ್ ಹಾಕುವುದು, ಪೊಟರೆಯೊಳಗೆ ಕ್ಯಾಮೆರಾ ಕೋಲು ತೂರಿಸುವುದು ಎಲ್ಲಕ್ಕೂ ಅನುಮತಿ ಬೇಕು. ಸ್ವಯಂಸೇವಕರು ಅನುಮತಿ ಇರುವವರ ಕೈಕೆಳಗೆ ಮಾತ್ರ.

ಮರಿಗೆ ರಿಂಗ್ ಹಾಕುವ ಕೆಲಸ ನೋಡಲು ಸಿಕ್ಕರೆ ಗಮನಿಸಿ: ಏಣಿಯ ತುಂಡುಗಳನ್ನು ಒಂದರ ಮೇಲೊಂದು ಕಾಂಡಕ್ಕೆ ಕಟ್ಟುತ್ತಾ ಹತ್ತುತ್ತಾರೆ. ಬಾಗುವ ಕೊಳವೆಯ ತುದಿಯ ನೈಲಾನ್ ಕುಣಿಕೆಯಿಂದ ಮರಿಯನ್ನು ಮೇಲೆತ್ತುತ್ತಾರೆ. 5 ದಿನಕ್ಕಿಂತ ಮುಂಚೆ ಕಾಲು ಸಣ್ಣ, ರಿಂಗ್ ಜಾರುತ್ತದೆ. 10 ದಿನ ದಾಟಿದರೆ ಮರಿ ಒದ್ದಾಡಿ ಕುಣಿಕೆಯಲ್ಲಿ ಗಾಯವಾಗುತ್ತದೆ. ಕಾವು 10–12 ದಿನ ಮಾತ್ರ. ಹಾಗಾಗಿ ಗೂಡಿನ ತಪಾಸಣೆ 7ರಿಂದ 11 ದಿನಕ್ಕೊಮ್ಮೆ ನಡೆಯದಿದ್ದರೆ ಈ ಕಿಟಕಿ ಕೈತಪ್ಪುತ್ತದೆ. ದೊಡ್ಡ ಹಕ್ಕಿಯನ್ನು ಹಿಡಿಯುವುದಾದರೆ ಅದು ಪೊಟರೆಯಲ್ಲಿರುವಾಗ, ಉದ್ದ ಕೋಲಿನ ತುದಿಯ ಬಲೆಯನ್ನು ಬಾಯಿಗೆ ಒತ್ತಿ.

ಕೇರಿಯವ
ಕೆಲವು ಮರಗಳ ಬುಡಕ್ಕೆ ಬಿಳಿ ಬಣ್ಣದ ಪಟ್ಟಿ ಬಳಿದಿರುವುದು ಚಿತ್ರಗಳಲ್ಲಿ ಕಂಡೆ. ಅದೂ ಬ್ಯಾಂಡೇ?

ಮರಳುದಿಣ್ಣೆ
ಹೌದು, ಮರಕ್ಕೆ ಹಾಕಿದ ಬ್ಯಾಂಡ್. ಪೊಟರೆ ಮರ ಎಂಬ ಗುರುತು. ಕಡಿಯುವವರಿಗೂ ಬೆಂಕಿ ಹಾಕುವ ತಂಡಕ್ಕೂ ದೂರದಿಂದ ಕಾಣಲಿ ಎಂದು. ಬಣ್ಣ ಇದ್ದ ಮಾತ್ರಕ್ಕೆ ಹಕ್ಕಿ ಇದೆ ಎಂದಲ್ಲ, ಬಿಟ್ಟುಹೋದ ಮರಕ್ಕೂ ಇರುತ್ತದೆ. ಸದರ್ನ್ ಪೈನ್ಸ್ ಊರಿನ ವೇಮೌತ್ ವುಡ್ಸ್ ಸಾರ್ವಜನಿಕರಿಗೆ ತೆರೆದಿದೆ, ಕಣ್ಣು ಪಳಗಿಸಲು ಅಲ್ಲಿಂದ ಶುರುಮಾಡಿ. ಸೇನೆಯ ಜಾಗಕ್ಕೆ ಅನುಮತಿಯಿಲ್ಲದೆ ಕಾಲಿಡಬೇಡಿ. ಬೇಟೆಯ ಋತುವಿನಲ್ಲಿ ಗೇಮ್ ಲ್ಯಾಂಡಿಗೆ ಹೋದರೆ ಕಿತ್ತಳೆ ಅಂಗಿ. ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಉಣ್ಣೆ ಹುಳ (ಟಿಕ್) ವಿಪರೀತ. ಹುಲ್ಲಿನ ಕುಚ್ಚಿನಂತೆ ಕಾಣುವುದೆಲ್ಲ ಹುಲ್ಲಲ್ಲ, ಲಾಂಗ್‌ಲೀಫ್ ಸಸಿ ಮೊದಲ ಕೆಲವು ವರ್ಷ ಹಾಗೇ ಇರುತ್ತದೆ. ತುಳಿಯಬೇಡಿ.

ಇನ್ನೊಂದು. ಒಂದು ಕ್ಲಸ್ಟರ್ ಖಾಲಿಯಾಗಿದ್ದರೆ ಮೊದಲು ಕುರುಚಲಿನ ಎತ್ತರ ನೋಡಿ. ಎರಡು ಮೂರು ವರ್ಷಕ್ಕೊಮ್ಮೆ ನೆಲದ ಬೆಂಕಿ ಹಾಯದಿದ್ದರೆ ಓಕ್ ಮೇಲೆದ್ದು ಪೊಟರೆಯ ಎತ್ತರಕ್ಕೆ ಬರುತ್ತದೆ, ಹಕ್ಕಿ ಜಾಗ ಬಿಡುತ್ತದೆ. ನಕ್ಷೆಯಲ್ಲಿ ಕೊನೆಯ ಬೆಂಕಿಯ ವರ್ಷವೂ ಒಂದು ಅಂಕಣವಾಗಿರಲಿ.

ಬಂಡೀಪುರ_ಬದಿ
ಚೆನ್ನಾಗಿದೆ ಚರ್ಚೆ. ನಮ್ಮಲ್ಲಿ ಮರಕುಟಿಗಗಳಿಗೆ ಬಣ್ಣದ ರಿಂಗ್ ಎಲ್ಲಿಂದ ತರೋಣ? ಹಿಡಿಯಲು ವನ್ಯಜೀವಿ ಕಾಯ್ದೆಯ ಅನುಮತಿ, ರಿಂಗಿಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದರೆ ಬಿಎನ್‌ಎಚ್‌ಎಸ್. ಹವ್ಯಾಸಿಗಳ ಕೈಗೆ ಎಟುಕುವ ಮಾತಲ್ಲ. ತೋಟದ ಹೊಂಬೆನ್ನಿನ ಮರಕುಟಿಗದ ಜಾಗವನ್ನು ರಿಂಗಿಲ್ಲದೆ ಗುರುತಿಸಬಹುದೇ?

ನಕ್ಷೆಗಾರ
ಒರಟಾಗಿ ಸಾಧ್ಯ. ರಿಂಗ್ ಇಲ್ಲದಿದ್ದಾಗ ಯಾವ ಹಕ್ಕಿ ಎಂಬುದು ತಿಳಿಯದು, ಆದರೆ ಒಂದೇ ಹೊತ್ತಿಗೆ ಎರಡು ಕಡೆ ಕೂಗಿದ್ದು ಎರಡು ಬೇರೆ ಹಕ್ಕಿ ಎಂಬುದು ಖಚಿತ. ಇಡೀ ವಿಧಾನ ಆ ಒಂದು ಸಂಗತಿಯ ಮೇಲೆ ನಿಂತಿದೆ. ತೋಟದ ನಕ್ಷೆ ಮುದ್ರಿಸಿಕೊಂಡು, ಪ್ರತಿ ಭೇಟಿಗೆ ಹೊಸ ಹಾಳೆ, ಒಂದೇ ಋತುವಿನಲ್ಲಿ ಎಂಟು ಹತ್ತು ಬೆಳಗು. ಕೂಗು, ಮರ ಬಡಿಯುವ ಸದ್ದು, ಪೊಟರೆ, ಜಗಳ ಬೇರೆ ಬೇರೆ ಚಿಹ್ನೆಯಲ್ಲಿ. ಒಟ್ಟಿಗೆ ಕೇಳಿಸಿದ ಎರಡು ಸದ್ದಿನ ನಡುವೆ ಚುಕ್ಕೆಗೆರೆ ಎಳೆಯಿರಿ. ಕೊನೆಗೆ ಹಾಳೆಗಳನ್ನು ಒಂದರ ಮೇಲೊಂದಿಟ್ಟರೆ ಗುರುತುಗಳು ಗುಂಪುಗೂಡುತ್ತವೆ, ಚುಕ್ಕೆಗೆರೆಗಳು ಎರಡು ಗುಂಪಿನ ನಡುವೆ ಬೀಳುತ್ತವೆ. ಪ್ರತಿ ಸಲವೂ ಒಂದೇ ತುದಿಯಿಂದ ಹೊರಡಬೇಡಿ. ಮೊದಲ ಗಂಟೆಯ ತುದಿಯಲ್ಲೇ ಹಕ್ಕಿ ಹೆಚ್ಚಿದ್ದಂತೆ ಕಾಣುತ್ತದೆ.

ಕರ್ನಾಟಕದ ಬಹುಭಾಗಕ್ಕೆ ಯುಟಿಎಂ ವಲಯ 43 ಉತ್ತರ, 78 ಡಿಗ್ರಿ ರೇಖಾಂಶ ದಾಟಿ ಕೋಲಾರದ ಕಡೆ ಹೋದರೆ 44. ಸತ್ತ ಮರಗಳ ಪಟ್ಟಿಯನ್ನೂ ಮಾಡಿ, ನಮ್ಮವು ಬಹುಪಾಲು ಅಲ್ಲೇ ಕೊರೆಯುವುದು. ಕಂದು ಮರಕುಟಿಗ ಮಾತ್ರ ಬೇರೆ ಜಾತಿಯ ಮಾತು, ಅದು ಮರದ ಮೇಲೆ ಕ್ರೆಮಟೋಗ್ಯಾಸ್ಟರ್ ಇರುವೆಗಳು ಕಟ್ಟಿದ ಗೂಡಿನೊಳಗೇ ಮೊಟ್ಟೆಯಿಡುತ್ತದೆ. ಅಲ್ಲಿ ಪೊಟರೆ ಹುಡುಕಬೇಡಿ, ಇರುವೆ ಗೂಡು ಹುಡುಕಿ. ಅಂದಹಾಗೆ ಸ್ಯಾಂಡ್‌ಹಿಲ್ಸ್‌ನ ಹಕ್ಕಿಯ ಊಟದಲ್ಲೂ ಅದೇ ಕುಲದ ಇರುವೆಗೆ ದೊಡ್ಡ ಪಾಲು.

ಬಣ್ಣದ_ಕಾಲು
ಕೇರಿಯವರೇ, ಹಾಳೆಯ ಅಂಕಣಗಳನ್ನು ಈ ಕ್ರಮದಲ್ಲಿ ಮಾಡಿಕೊಳ್ಳಿ: ದಿನಾಂಕ, ಕ್ಲಸ್ಟರ್, ಮರದ ಸಂಖ್ಯೆ, ಸಮಯ, ಎಡ ಮೇಲೆ, ಎಡ ಕೆಳಗೆ, ಬಲ ಮೇಲೆ, ಬಲ ಕೆಳಗೆ, ಭಂಗಿ, ಜೊತೆಗಿದ್ದವು, ಅಟ್ಟಿದ್ದು ಅಟ್ಟಿಸಿಕೊಂಡದ್ದು, ಓದಿದವರ ಇನಿಷಿಯಲ್. ಒಂದು ಕಾಲಿಗೆ ಮೂರು ರಿಂಗ್ ಹಾಕುವ ಯೋಜನೆಯಾದರೆ "ನಡು" ಎಂಬ ಅಂಕಣವೂ ಬೇಕು. ಪೆನ್ಸಿಲ್ ಒಯ್ಯಿರಿ, ಇಬ್ಬನಿಗೆ ಪೆನ್ ಬರೆಯುವುದಿಲ್ಲ.